ಕಿಡ್ನಿ ಕಲ್ಲಿಗೆಂದು ಮಾಡಿಸಿದ ಸಿ.ಟಿ.ಯಲ್ಲಿ ಅಡ್ರಿನಲ್ ಗಂಟು: ಯಾವ ಟೆಸ್ಟ್ ಮೊದಲು, ಯಾವ ಮಾತ್ರೆ ನಿಲ್ಲಿಸಬೇಕು?

ಮಲೆನಾಡು_ಎಂಡಿ
46 ವರ್ಷದ ಹೆಂಗಸು. ಕಾಂಟ್ರಾಸ್ಟ್ ಇಲ್ಲದ ಸಿ.ಟಿ.ಯಲ್ಲಿ, ಕಿಡ್ನಿ ಮೇಲೆ ಕೂತಿರುವ ಹಾರ್ಮೋನ್ ಗ್ರಂಥಿಯಾದ ಎಡ ಅಡ್ರಿನಲ್‌ನಲ್ಲಿ 2.2 ಸೆಂ.ಮೀ. ಗಂಟು, 17 ಹೌನ್ಸ್‌ಫೀಲ್ಡ್ ಯೂನಿಟ್ (ಸಿ.ಟಿ.ಯಲ್ಲಿ ಸಾಂದ್ರತೆಯ ಅಳತೆ). ಟೆಲ್ಮಿಸಾರ್ಟಾನ್ 80, ಅಮ್ಲೋಡಿಪಿನ್ 10, ಹೈಡ್ರೋಕ್ಲೋರೋಥಯಜೈಡ್ 12.5 ಮೂರೂ ನಡೀತಿದ್ದರೂ ಬಿ.ಪಿ. 160/100ರ ಆಸುಪಾಸು. ಪೊಟ್ಯಾಸಿಯಂ 3.2. ಸಕ್ಕರೆ ಗಡಿಯಲ್ಲಿದೆ. ಮುಖ ದುಂಡಗಾಗಿಲ್ಲ, ಹೊಟ್ಟೆ ಮೇಲೆ ನೇರಳೆ ಗೆರೆಗಳಿಲ್ಲ. ಬೆವರು, ತಲೆನೋವು, ಎದೆಬಡಿತ ಕೇಳಿದರೆ "ಆಗಾಗ ಬರುತ್ತೆ" ಅಂತಾರೆ. ಈ ವಯಸ್ಸಲ್ಲಿ ಅದನ್ನ ಯಾರು ಇಲ್ಲ ಅಂತಾರೆ?

ಇಲ್ಲಿನ ಲ್ಯಾಬ್ ರಕ್ತ ತೆಗೆದು ಬೆಂಗಳೂರಿಗೆ ಕಳಿಸುತ್ತದೆ. ರೋಗಿ ಬರುವುದು ದೂರದಿಂದ, ಖರ್ಚೂ ನೋಡಬೇಕು. ಕಾರ್ಟಿಸಾಲ್ (ಮೈಯ ಸ್ಟೀರಾಯ್ಡ್ ಹಾರ್ಮೋನ್), ಆಲ್ಡೊಸ್ಟಿರೋನ್ (ಉಪ್ಪು ಹಿಡಿದಿಟ್ಟು ಬಿ.ಪಿ. ಏರಿಸುವ ಹಾರ್ಮೋನ್), ಮೆಟನೆಫ್ರಿನ್ (ಅಡ್ರಿನಲಿನ್ ಒಡೆದು ಆಗುವ ವಸ್ತು) ಮೂರನ್ನೂ ಒಂದೇ ಬೆಳಿಗ್ಗೆ ಮುಗಿಸಬಹುದಾ? ಮಾತ್ರೆ ನಿಲ್ಲಿಸಬೇಕಾ? "ಸುಮ್ನೆ ಒಂದು ಸೂಜಿ ಬಯಾಪ್ಸಿ ಮಾಡ್ಸಿ" ಅನ್ನೋ ಸಲಹೆಯೂ ಬಂದಿದೆ.

ಅರಿವಳಿಕೆ_ಆಚಾರಿ
ಬಯಾಪ್ಸಿ ಬೇಡ. ಬೇಡವೇ ಬೇಡ. ಫಿಯೋಕ್ರೊಮೊಸೈಟೋಮಾ (ಫಿಯೋ, ಅಡ್ರಿನಲಿನ್ ಥರದ ಹಾರ್ಮೋನ್ ಸುರಿಸುವ ಗಂಟು) ಇಲ್ಲ ಅಂತ ಖಚಿತವಾಗುವ ತನಕ ಆ ಗಂಟಿಗೆ ಸೂಜಿ ತಾಗಬಾರದು. ಚುಚ್ಚಿದ ಕ್ಷಣ ಬಿ.ಪಿ. 280ಕ್ಕೆ ಹೋದರೆ ಸಿ.ಟಿ. ಕೋಣೆಯಲ್ಲಿ ನೀವು ಏನು ಮಾಡ್ತೀರಿ?

ರೇಡಿಯೋ_ರಾಯ
ಮೇಲಿನದಕ್ಕೆ ಒಂದು ಸೇರ್ಪಡೆ. ಬಯಾಪ್ಸಿಯಲ್ಲಿ ಅಡಿನೋಮಾನೋ (ಸಾಧು ಗಂಟು) ಕಾರ್ಸಿನೋಮಾನೋ (ಕ್ಯಾನ್ಸರ್) ಅಂತ ಬಿಡಿಸುವುದೂ ಕಷ್ಟ. ಬೇರೆ ಕಡೆ ಕ್ಯಾನ್ಸರ್ ಇದ್ದು ಅದು ಇಲ್ಲಿಗೆ ಹರಡಿದೆಯಾ ಅನ್ನೋ ಪ್ರಶ್ನೆ ಇದ್ದಾಗ, ಉತ್ತರದಿಂದ ಚಿಕಿತ್ಸೆ ಬದಲಾಗುವುದಾದರೆ ಮಾತ್ರ ಅದರ ಕೆಲಸ.

17 ಯೂನಿಟ್ ಅನ್ನೋದೇ ಇಲ್ಲಿ ಮುಖ್ಯ. 10 ಅಥವಾ ಅದಕ್ಕಿಂತ ಕಡಿಮೆ ಇದ್ದು ಗಂಟು ಒಂದೇ ಸಮ ಕಂಡರೆ ಅದು ಕೊಬ್ಬು ತುಂಬಿದ ಅಡಿನೋಮಾ. ಫಿಯೋ ಅಷ್ಟು ಕೆಳಗೆ ಬರೋದು ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. 10 ದಾಟಿದ್ದರಿಂದ ಮೆಟನೆಫ್ರಿನ್ ಬಿಡುವ ಹಾಗಿಲ್ಲ. ಕಲ್ಲಿನ ಸಿ.ಟಿ.ಯಲ್ಲಿ ಸ್ಲೈಸ್ ದಪ್ಪ ಎಷ್ಟು ನೋಡಿ. 5 ಮಿ.ಮೀ. ಸ್ಲೈಸಲ್ಲಿ ಅಂಚಿನ ಕೊಬ್ಬು ಸೇರಿಕೊಂಡು ಅಂಕಿ ಹೆಚ್ಚುಕಡಿಮೆ ಆಗುತ್ತೆ. ತೆಳು ಸ್ಲೈಸಲ್ಲಿ, ಅಂಚು ಬಿಟ್ಟು, ಗಂಟಿನ ಮೂರರಲ್ಲಿ ಎರಡು ಭಾಗ ಬರುವಂತೆ ವೃತ್ತ ಎಳೆದು ಮತ್ತೆ ಅಳೆಯಲು ಹೇಳಿ.

ಪಿಜಿ_ಎರಡನೇ_ವರ್ಷ
ಕಾಂಟ್ರಾಸ್ಟ್ ಕೊಟ್ಟು ವಾಷ್‌ಔಟ್ ನೋಡಿದ್ರೆ? 15 ನಿಮಿಷಕ್ಕೆ ಗಂಟಿನೊಳಗಿನ ಕಾಂಟ್ರಾಸ್ಟ್ 60%ಗಿಂತ ಜಾಸ್ತಿ ಹೊರಹೋದ್ರೆ ಅಡಿನೋಮಾ ಅಂತಾರಲ್ವಾ.

ರೇಡಿಯೋ_ರಾಯ
ಫಿಯೋ ಕೂಡ ಹಾಗೇ ಚೆನ್ನಾಗಿ ವಾಷ್‌ಔಟ್ ಆಗಬಲ್ಲದು. ಅದನ್ನ ನಂಬಿ ರಕ್ತಪರೀಕ್ಷೆ ಕೈಬಿಟ್ಟರೆ ಕೆಟ್ಟೆವು.

ಎಂಡೋ_ಮೇಡಂ
ಮೂರೂ ಬೇಕು, ಆದರೆ ಒಂದೇ ಸೂಜಿಗೆ ಆಗಲ್ಲ. ಎರಡು ಬೆಳಿಗ್ಗೆ ಸಾಕು. ರೋಗಿ ಒಂದು ರಾತ್ರಿ ಊರಲ್ಲೇ ಉಳಿದರೆ ಒಂದೇ ಪ್ರಯಾಣದಲ್ಲಿ ಮುಗಿಯುತ್ತೆ.

ಮೊದಲ ದಿನ ಖಾಲಿ ಹೊಟ್ಟೆಯಲ್ಲಿ, ಕಾಫಿ ಕುಡಿಯದೆ ಬರಲಿ. ಕ್ಯಾನ್ಯುಲಾ ಹಾಕಿ ಮಲಗಿಸಿ. 30 ನಿಮಿಷ ಅಂಗಾತ ಮಲಗಿದ ಮೇಲೆ, ಎಬ್ಬಿಸದೆ, ಪ್ಲಾಸ್ಮಾ ಫ್ರೀ ಮೆಟನೆಫ್ರಿನ್‌ಗೆ ರಕ್ತ ತೆಗೆಯಿರಿ. ಕೂತವರ ರಕ್ತದಲ್ಲಿ ನಾರ್‌ಮೆಟನೆಫ್ರಿನ್ ತಾನಾಗೇ ಏರಿರುತ್ತೆ. ಸುಳ್ಳು ಪಾಸಿಟಿವ್ ಬಹಳಷ್ಟು ಅಲ್ಲಿಂದಲೇ. ಅದೇ ಕ್ಯಾನ್ಯುಲಾದಿಂದ ಎ.ಸಿ.ಟಿ.ಎಚ್. (ಕಾರ್ಟಿಸಾಲ್ ಮಾಡು ಅಂತ ಅಡ್ರಿನಲ್ಲಿಗೆ ಹೇಳುವ ಪಿಟ್ಯುಟರಿ ಹಾರ್ಮೋನ್) ಮತ್ತು ಅಡ್ರಿನಲ್ಲಿನದೇ ಇನ್ನೊಂದು ಹಾರ್ಮೋನ್ ಆದ ಡಿ.ಎಚ್.ಇ.ಎ. ಸಲ್ಫೇಟ್‌ಗೂ ತೆಗೆದುಬಿಡಿ. ಆಮೇಲೆ ತಿಂಡಿ ತಿಂದು ಓಡಾಡಿಕೊಂಡಿರಲಿ. ಎದ್ದು ಕನಿಷ್ಠ 2 ಗಂಟೆ ಆದ ಮೇಲೆ 5ರಿಂದ 15 ನಿಮಿಷ ಕೂರಿಸಿ, ಕೂತ ಹಾಗೇ ಆಲ್ಡೊಸ್ಟಿರೋನ್, ರೆನಿನ್ (ಆಲ್ಡೊಸ್ಟಿರೋನ್ ಏರಿಸಲು ಕಿಡ್ನಿ ಬಿಡುವ ಎಂಜೈಮ್), ಜೊತೆಗೆ ಪೊಟ್ಯಾಸಿಯಂ. ರಾತ್ರಿ 11ಕ್ಕೆ ಡೆಕ್ಸಾಮೆಥಾಸೋನ್ (ಸಾಮಾನ್ಯವಾಗಿ ಮೈಯ ಕಾರ್ಟಿಸಾಲನ್ನು ತಗ್ಗಿಸುವ ಸ್ಟೀರಾಯ್ಡ್) 1 ಮಿ.ಗ್ರಾಂ. ಮರುದಿನ ಬೆಳಿಗ್ಗೆ 8ರಿಂದ 9ರೊಳಗೆ ಕಾರ್ಟಿಸಾಲ್.

ಈ ಕ್ರಮ ತಿರುಗಿಸಬೇಡಿ. ಡೆಕ್ಸಾ ನುಂಗಿದ ಮೇಲೆ ಎ.ಸಿ.ಟಿ.ಎಚ್. ತೆಗೆದರೆ ಎಲ್ಲರಿಗೂ ಕಡಿಮೆಯೇ ಬರುತ್ತೆ, ಆಲ್ಡೊಸ್ಟಿರೋನ್ ಕೂಡ ಸ್ವಲ್ಪ ಇಳಿಯುತ್ತೆ.

ಔಷಧದಂಗಡಿ
ಡೆಕ್ಸಾಮೆಥಾಸೋನ್ 1 ಮಿ.ಗ್ರಾಂ. ಅಂತ ಬರೆದು ಕೈಬಿಡಬೇಡಿ ಡಾಕ್ಟ್ರೇ. ಅಂಗಡಿಯಲ್ಲಿ ಸಾಮಾನ್ಯವಾಗಿ ಇರೋದು 0.5 ಮತ್ತು 4. "0.5ರ ಎರಡು ಮಾತ್ರೆ, ರಾತ್ರಿ 11ಕ್ಕೆ, ಒಂದೇ ಸಲ" ಅಂತ ಕನ್ನಡದಲ್ಲಿ ಬರೆದುಕೊಡಿ. ಇಲ್ಲದಿದ್ದರೆ ಒಂದು ನುಂಗ್ತಾರೆ, ಇಲ್ಲ 4ರದ್ದು ಒಯ್ತಾರೆ. ಎರಡರಲ್ಲೂ ಟೆಸ್ಟ್ ಕೆಟ್ಟ ಹಾಗೆ.

ಪಿಜಿ_ಎರಡನೇ_ವರ್ಷ
ಆದ್ರೆ ಮೇಡಂ, ಆಲ್ಡೊಸ್ಟಿರೋನ್-ರೆನಿನ್ ಅನುಪಾತಕ್ಕೆ (ಆಲ್ಡೊಸ್ಟಿರೋನ್ ಅತಿಯಾಗಿ ಸುರಿಯುವ ಕಾಯಿಲೆ ಇದೆಯಾ ಅಂತ ನೋಡುವ ಲೆಕ್ಕ) ಮಾತ್ರೆ ನಿಲ್ಲಿಸಲೇಬೇಕಲ್ವಾ? ಡೈಯುರೆಟಿಕ್ (ಮೂತ್ರ ಹೆಚ್ಚಿಸುವ ಥಯಜೈಡ್) 4 ವಾರ, ಟೆಲ್ಮಿಸಾರ್ಟಾನ್ 2 ವಾರ. 2016ರ ಎಂಡೋಕ್ರೈನ್ ಸೊಸೈಟಿ ಮಾರ್ಗಸೂಚಿಯಲ್ಲೇ ಇದೆ.

ಎಂಡೋ_ಮೇಡಂ
ಅದೇ ಮಾರ್ಗಸೂಚಿಯಲ್ಲಿ, ನಿಲ್ಲಿಸುವುದು ಅಪಾಯ ಅನ್ನಿಸಿದರೆ ಮಾತ್ರೆ ಮೇಲೇ ಮಾಡಿ ಅರ್ಥೈಸಿ ಅಂತಲೂ ಇದೆ, ಪೂರ್ತಿ ಓದಿ. 160/100 ಇರುವವರ ಮೂರು ಮಾತ್ರೆಯನ್ನೂ ಕಿತ್ತುಹಾಕಿ ಬಸ್ ಹತ್ತಿಸಿ ಕಳಿಸೋದು ಬೇಡ.

ಲೆಕ್ಕ ಹೀಗೆ ಹಾಕಿ: ಟೆಲ್ಮಿಸಾರ್ಟಾನ್, ಥಯಜೈಡ್ ಎರಡೂ ರೆನಿನ್ ಏರಿಸುವ ಔಷಧಗಳು. ಅವು ಒಳಗಿದ್ದೂ ರೆನಿನ್ ನೆಲ ಕಚ್ಚಿದ್ದರೆ, ಜೊತೆಗೆ ಆಲ್ಡೊಸ್ಟಿರೋನ್ 10 ನ್ಯಾನೊಗ್ರಾಂ/ಡೆ.ಲೀ. ದಾಟಿದ್ದರೆ, ಆ ಫಲಿತಾಂಶಕ್ಕೆ ಇನ್ನಷ್ಟು ತೂಕ. ರೆನಿನ್ ಏರಿದ್ದರೆ ಮಾತ್ರ ಗೊಂದಲ, ಆಗ ನಿಲ್ಲಿಸಿ ಮತ್ತೆ ಮಾಡಿ. ಬದಲಿಗೆ ವೆರಾಪಮಿಲ್ ಎಸ್.ಆರ್., ಪ್ರಜೋಸಿನ್ ಅಥವಾ ಡಾಕ್ಸಜೋಸಿನ್. ಇವು ಅನುಪಾತವನ್ನು ಹೆಚ್ಚು ಕೆಡಿಸಲ್ಲ.

ಆಲ್ಡೊಸ್ಟಿರೋನ್ ಕೆಲಸವನ್ನೇ ತಡೆಯುವ ಸ್ಪೈರೊನೊಲ್ಯಾಕ್ಟೋನ್ ನಡೀತಿದ್ದರೆ ಮಾತು ಬೇರೆ, ಅದನ್ನ ಸಾಧಾರಣವಾಗಿ 4 ವಾರ ಬಿಡಿಸಬೇಕು. ನಿಮ್ಮ ರೋಗಿಗೆ ಅದು ಇಲ್ಲ, ಈಗ ಶುರು ಮಾಡಲೂ ಬೇಡಿ.

ಅರಿವಳಿಕೆ_ಆಚಾರಿ
ಬಿ.ಪಿ. ಇಳಿಸೋಕೆ ಅಂತ ಅಟೆನೊಲಾಲ್, ಮೆಟೊಪ್ರೊಲಾಲ್ ಕೂಡ ಸೇರಿಸಬೇಡಿ. ಬೀಟಾ ಬ್ಲಾಕರ್ ರೆನಿನ್ ಇಳಿಸಿ ಅನುಪಾತವನ್ನ ಸುಳ್ಳೇ ಏರಿಸುತ್ತೆ. ಅದಕ್ಕಿಂತ ಮುಖ್ಯ, ಫಿಯೋ ಇದ್ದರೆ ಆಲ್ಫಾ ತಡೆಯದೆ ಬೀಟಾ ಮಾತ್ರ ತಡೆದ ಹಾಗಾಗಿ ಬಿ.ಪಿ. ಚಿಮ್ಮುತ್ತೆ.

ವಾಂತಿ ಅಂತ ಬಂದರೆ ಮೆಟೊಕ್ಲೋಪ್ರಮೈಡ್ ಇಂಜೆಕ್ಷನ್ ಕೂಡ ಬೇಡ. ಫಿಯೋ ರೋಗಿಯಲ್ಲಿ ಅದೂ ಕ್ರೈಸಿಸ್ ತರುತ್ತೆ. ಕ್ಯಾಶುವಾಲ್ಟಿ ಚೀಟಿ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿಡಿ.

ಲ್ಯಾಬ್_ಗಿರಿ
ಸ್ಯಾಂಪಲ್ ವಿಷಯಕ್ಕೆ ಬರೋಣ. ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ: ಎಲ್ಲ ಟ್ಯೂಬನ್ನೂ ಒಂದೇ ಐಸ್ ಡಬ್ಬಿಗೆ ತುಂಬೋದು.

ಎ.ಸಿ.ಟಿ.ಎಚ್. ಮತ್ತು ಮೆಟನೆಫ್ರಿನ್: ಇ.ಡಿ.ಟಿ.ಎ. ಟ್ಯೂಬ್, ತೆಗೆದ ಕೂಡಲೇ ಐಸ್, ಕೋಲ್ಡ್ ಸೆಂಟ್ರಿಫ್ಯೂಜ್, ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್. ಎ.ಸಿ.ಟಿ.ಎಚ್. ಬೆಚ್ಚಗೆ ಕೂತರೆ ಕರಗಿಹೋಗುತ್ತೆ, ಸುಳ್ಳೇ ಕಡಿಮೆ ಬರುತ್ತೆ. ಆಗ ಸಾಮಾನ್ಯ ಗಂಟೂ ಕಾರ್ಟಿಸಾಲ್ ಗಂಟಿನ ಹಾಗೆ ಕಾಣುತ್ತೆ.

ರೆನಿನ್ ಇದಕ್ಕೆ ಉಲ್ಟಾ. ಬೇರ್ಪಡಿಸುವ ತನಕ ಕೋಣೆಯ ಉಷ್ಣತೆಯಲ್ಲೇ ಇರಬೇಕು. ಐಸ್ ಮೇಲಿಟ್ಟರೆ ಪ್ರೊರೆನಿನ್ ರೆನಿನ್ ಆಗಿ ಬದಲಾಗಿ ಅಂಕಿ ಏರುತ್ತೆ, ಇರುವ ಆಲ್ಡೊಸ್ಟಿರೋನ್ ಕಾಯಿಲೆ ತಪ್ಪಿಹೋಗುತ್ತೆ. ಪ್ಲಾಸ್ಮಾ ಬೇರ್ಪಡಿಸಿದ ಮೇಲೆ ತಡಮಾಡದೆ ಫ್ರೀಜ್ ಮಾಡಿ. ಫ್ರಿಜ್ಜಿನ ಕೆಳ ಅರೆಯಲ್ಲಿ ರಾತ್ರಿಯಿಡೀ ಇಡೋದು ಅತಿ ಕೆಟ್ಟ ದಾರಿ.

ಪೊಟ್ಯಾಸಿಯಂಗೆ ಟೂರ್ನಿಕೆಟ್ ಬಿಗಿದು "ಮುಷ್ಟಿ ಬಿಗಿ, ಬಿಡು" ಆಟ ಬೇಡ. 3.2 ಇರೋದು 3.9 ಅಂತ ಬರುತ್ತೆ. ರಕ್ತ ಒಡೆದಿದ್ದರೂ ಅಷ್ಟೇ.

ಮಲೆನಾಡು_ಎಂಡಿ
ಪೊಟ್ಯಾಸಿಯಂ ಸರಿಮಾಡಿಯೇ ತೆಗೆಯಬೇಕಾ? ಕಡಿಮೆ ಇದ್ದಾಗಲೇ ತೆಗೆದರೆ ಕಾಯಿಲೆ ಎದ್ದು ಕಾಣಲ್ವಾ?

ಎಂಡೋ_ಮೇಡಂ
ಕಾಣಲ್ಲ. ಪೊಟ್ಯಾಸಿಯಂ ಕಡಿಮೆ ಆದರೆ ಗ್ರಂಥಿ ಆಲ್ಡೊಸ್ಟಿರೋನ್ ಮಾಡುವುದನ್ನೇ ತಗ್ಗಿಸುತ್ತೆ. ಸುಳ್ಳು ನೆಗೆಟಿವ್ ಆಗುತ್ತೆ. 4ರ ಹತ್ತಿರ ತನ್ನಿ. ಪೊಟ್ಯಾಸಿಯಂ ಕ್ಲೋರೈಡ್ ಸಿರಪ್ 15 ಮಿ.ಲೀ.ಗೆ 20 ಮಿಲಿ ಈಕ್ವಿವಲೆಂಟ್, ನೀರಲ್ಲಿ ಬೆರೆಸಿ ಊಟದ ನಂತರ. ಕಿಡ್ನಿ ಸರಿಯಿದೆಯಾ ನೋಡಿಕೊಂಡು, ಟೆಲ್ಮಿಸಾರ್ಟಾನ್ ಇರುವುದರಿಂದ ಕೆಲವು ದಿನಕ್ಕೆ ಮತ್ತೆ ಅಳೆಯಿರಿ. ಉಪ್ಪು ಬಿಡಿಸಬೇಡಿ, ಈ ವಾರಗಳಲ್ಲಿ ಮಾಮೂಲಿ ಊಟ ಮಾಡಲಿ. ಉಪ್ಪು ಬಿಟ್ಟರೆ ರೆನಿನ್ ಏರಿ ಮತ್ತೆ ಗೊಂದಲ.

ಧಾರವಾಡ_ಪೇಡಾ
ಒಂದ್ ಮಾತು ಕೇಳ್ರಿ. ಪೊಟ್ಯಾಸಿಯಂ ಕಡಿಮಿ, ಬಿ.ಪಿ. ಜಾಸ್ತಿ ಅಂದ ಕೂಡ್ಲೆ ಎಲ್ಲಾರೂ ಗಂಟಿನ ಕಡೆ ಓಡ್ತಾರ. ಕೆಮ್ಮು-ಗಂಟಲಿಗೆ ಅಂತ ಜ್ಯೇಷ್ಠಮಧು ಕಷಾಯ ದಿನಾ ಕುಡಿಯೋರು ಇರ್ತಾರ. ಅದು ಥೇಟ್ ಹಿಂಗ ಮಾಡ್ತದ. ಗ್ಲಿಸಿರೈಜಿನ್‌ನಿಂದ ಕಿಡ್ನಿಯೊಳಗ ಕಾರ್ಟಿಸಾಲ್ ಮುರಿಯೋ ಎಂಜೈಮ್ ನಿಲ್ತದ, ಕಾರ್ಟಿಸಾಲೇ ಆಲ್ಡೊಸ್ಟಿರೋನ್ ಕೆಲಸ ಮಾಡ್ಲಿಕ್ಕೆ ಹತ್ತತದ. ಆದ್ರ ಅಲ್ಲಿ ರೆನಿನ್ ಕಡಿಮಿ, ಆಲ್ಡೊಸ್ಟಿರೋನೂ ಕಡಿಮಿ. ಎರಡನೇದ್ದು ನೋಡಿದ್ರ ಗುಟ್ಟು ಹೊರಗ ಬರ್ತದ.

ಮಂಡಿನೋವಿನ ಪುಡಿ ಬಗ್ಗೆನೂ ಕೇಳ್ರಿ. ಹೆಸರಿಲ್ಲದ ಪೊಟ್ಟಣದಾಗ ಸ್ಟೀರಾಯ್ಡ್ ಬೆರೆಸಿರೋದು ಹೊಸಾದೇನಲ್ಲ. ಮುಖಕ್ಕ ಹಚ್ಚೋ ಬಿಳುಪಿನ ಕ್ರೀಮ್ ಕೂಡ. ಮಾರಿ ಚಂದ್ರನಂಗ ದುಂಡಗ ಆಗೇತಿ, ಆದ್ರ ಬೆಳಗಿನ ಕಾರ್ಟಿಸಾಲ್ 1, ಎ.ಸಿ.ಟಿ.ಎಚ್.ನೂ ಇಲ್ಲ ಅಂದ್ರ, ಅದು ಹೊರಗಿಂದ ಬಂದ ಸ್ಟೀರಾಯ್ಡ್ ಅಂತ ತಿಳ್ಕೋರಿ.

ಲ್ಯಾಬ್_ಗಿರಿ
ಪ್ರೆಡ್ನಿಸೊಲೋನ್ ಆದರೆ ಇಮ್ಯುನೊಅಸ್ಸೇನಲ್ಲಿ ಅದೇ ಕಾರ್ಟಿಸಾಲ್ ಅಂತ ಲೆಕ್ಕಕ್ಕೆ ಬರುತ್ತೆ. ಆಗ ಕಾರ್ಟಿಸಾಲ್ ಕಡಿಮೆಯೂ ಕಾಣಲ್ಲ.

ಕೂದಲಿಗೆ ಅಂತ ತಿನ್ನೋ ಬಯೋಟಿನ್ ಇನ್ನೂ ಮಜಾ. ಸ್ಟ್ರೆಪ್ಟಾವಿಡಿನ್-ಬಯೋಟಿನ್ ಬಳಸುವ ಯಂತ್ರಗಳಲ್ಲಿ ಕಾರ್ಟಿಸಾಲ್ ಸುಳ್ಳೇ ಹೆಚ್ಚು, ಎ.ಸಿ.ಟಿ.ಎಚ್. ಸುಳ್ಳೇ ಕಡಿಮೆ. ಒಟ್ಟಿಗೆ ನೋಡಿದರೆ ಸಾಕ್ಷಾತ್ ಅಡ್ರಿನಲ್ ಕುಶಿಂಗ್ (ಗಂಟಿನಿಂದ ಕಾರ್ಟಿಸಾಲ್ ಅತಿಯಾಗುವ ಕಾಯಿಲೆ)! 5ರಿಂದ 10 ಮಿ.ಗ್ರಾಂ. ಮಾತ್ರೆ ತಿನ್ನುವವರಿಗೆ ಎರಡು-ಮೂರು ದಿನ ಬಿಡಿಸಿ ರಕ್ತ ಕೊಡಿಸಿ.

ಔಷಧದಂಗಡಿ
ಕೇಳಬೇಕಾದ ಇನ್ನೊಂದು, ಅಮಿಟ್ರಿಪ್ಟಿಲಿನ್ 10. ಮೈಗ್ರೇನಿಗೆ, ಕಾಲು ಉರಿಗೆ, ನಿದ್ದೆಗೆ ಅಂತ ಯಾರೋ ಯಾವಾಗಲೋ ಬರೆದಿರುತ್ತಾರೆ. ರೋಗಿ "ನಿದ್ದೆ ಗುಳಿಗೆ" ಅಂತಾರೆ, ಹೆಸರು ಗೊತ್ತಿರಲ್ಲ. ಮೆಟನೆಫ್ರಿನ್ ಏರುತ್ತೆ. ವೆನ್ಲಾಫ್ಯಾಕ್ಸಿನ್, ಡುಲೊಕ್ಸೆಟಿನ್, ನೆಗಡಿ ಮಾತ್ರೆಯ ಫಿನೈಲೆಫ್ರಿನ್ ಕೂಡ ಹಾಗೇ. ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ತರಲು ಹೇಳಿ, ನಾವು ಓದಿ ಹೇಳ್ತೀವಿ.

ಎಂಡೋ_ಮೇಡಂ
ಹೌದು. ಡೆಕ್ಸಾ ಟೆಸ್ಟಿಗೂ ಇಂಥ ಪಟ್ಟಿ ಇದೆ. ರಿಫಾಂಪಿಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್ ಡೆಕ್ಸಾವನ್ನು ಬೇಗ ಮುರಿದುಹಾಕುತ್ತವೆ, ಕಾರ್ಟಿಸಾಲ್ ಇಳಿಯಲ್ಲ. ಟಿ.ಬಿ. ಚಿಕಿತ್ಸೆ ನಡೀತಿರುವವರಲ್ಲಿ ಈ ಟೆಸ್ಟ್ ನಂಬಬೇಡಿ. ಈಸ್ಟ್ರೊಜೆನ್ ಇರುವ ಮಾತ್ರೆ ಕಾರ್ಟಿಸಾಲ್ ಹಿಡಿದಿಡುವ ಪ್ರೋಟೀನ್ ಏರಿಸುತ್ತೆ, 6 ವಾರ ಬಿಡಬೇಕು. 46 ವರ್ಷ, ಮುಟ್ಟಿನ ಏರುಪೇರಿಗೆ ಏನಾದರೂ ತಗೊಳ್ತಿದ್ದಾರಾ ವಿಚಾರಿಸಿ. ಸಾಧ್ಯವಾದರೆ ಅದೇ ರಕ್ತದಲ್ಲಿ ಡೆಕ್ಸಾಮೆಥಾಸೋನ್ ಮಟ್ಟವನ್ನೂ ಅಳೆಸಿ. ಮಾತ್ರೆ ನುಂಗಿದರೋ ಇಲ್ಲವೋ ಅನ್ನೋ ವಾದವೇ ಮುಗಿಯುತ್ತೆ.

ಗಡಿ 1.8 ಮೈಕ್ರೊಗ್ರಾಂ/ಡೆ.ಲೀ., ಅಂದರೆ 50 ನ್ಯಾನೊಮೋಲ್/ಲೀ. ಅದಕ್ಕಿಂತ ಕೆಳಗಿದ್ದರೆ ಕಾರ್ಟಿಸಾಲ್ ಮಾತು ಬಿಡಿ. ಮೇಲಿದ್ದು ಎ.ಸಿ.ಟಿ.ಎಚ್. 10 ಪಿಕೊಗ್ರಾಂ/ಮಿ.ಲೀ.ಗಿಂತ ಕಡಿಮೆ, ಡಿ.ಎಚ್.ಇ.ಎ. ಸಲ್ಫೇಟ್ ಕೂಡ ತಳದಲ್ಲಿದ್ದರೆ, ಮುಖ ದುಂಡಗಿಲ್ಲದಿದ್ದರೂ ಗಂಟು ತನ್ನಷ್ಟಕ್ಕೆ ಕಾರ್ಟಿಸಾಲ್ ಸುರಿಸುತ್ತಿದೆ. ಸಕ್ಕರೆ ಗಡಿಯಲ್ಲಿರುವುದಕ್ಕೂ ಅದೇ ಕಾರಣ ಇರಬಹುದು.

ಪಿಜಿ_ಎರಡನೇ_ವರ್ಷ
ಖರ್ಚು ಉಳಿಸೋಕೆ 24 ಗಂಟೆ ಮೂತ್ರದಲ್ಲಿ ವಿ.ಎಂ.ಎ. (ಅಡ್ರಿನಲಿನ್ ಒಡೆದು ಕೊನೆಗೆ ಉಳಿಯುವ ವಸ್ತು) ಸಾಕಾಗಲ್ವಾ?

ಲ್ಯಾಬ್_ಗಿರಿ
ವಿ.ಎಂ.ಎ. ಬಹಳ ಫಿಯೋಗಳನ್ನು ತಪ್ಪಿಸಿಬಿಡುತ್ತೆ. ಅಗ್ಗ ಅಂತ ಮಾಡಿಸಿ, ನಾರ್ಮಲ್ ಬಂದು, ಯಾರೂ ನಂಬದೆ ಮತ್ತೆ ಮೆಟನೆಫ್ರಿನ್ ಮಾಡಿಸೋದು. ಎರಡು ಖರ್ಚು.

ಫಿಯೋ ಕೋಶದ ಒಳಗೇ ಅಡ್ರಿನಲಿನ್ ಸದಾ ಮೆಟನೆಫ್ರಿನ್ ಆಗಿ ಸೋರುತ್ತಿರುತ್ತೆ, ಅಟ್ಯಾಕ್ ಬಂದಾಗ ಮಾತ್ರ ಅಲ್ಲ. ಅದಕ್ಕೇ ರೋಗಿ ಆರಾಮಾಗಿರುವಾಗಲೂ ಸಿಕ್ಕಿಬೀಳುತ್ತೆ. ವಿ.ಎಂ.ಎ. ಬಹುಪಾಲು ಲಿವರಿನಲ್ಲಿ ತಯಾರಾಗುವ ಕೊನೆಯ ಕಸ, ಎಲ್ಲ ಕಡೆಯಿಂದ ಬಂದದ್ದು ಬೆರೆತಿರುತ್ತೆ.

ಮಲಗಿಸಿ ರಕ್ತ ತೆಗೆಯೋಕೆ, ಫ್ರೀಜ್ ಮಾಡೋಕೆ ಅನುಕೂಲ ಇಲ್ಲದಿದ್ದರೆ 24 ಗಂಟೆ ಮೂತ್ರದ ಫ್ರ್ಯಾಕ್ಷನೇಟೆಡ್ ಮೆಟನೆಫ್ರಿನ್ ಮಾಡಿಸಿ. ಬೆಳಗಿನ ಮೊದಲ ಮೂತ್ರ ಚೆಲ್ಲಿ ಗಂಟೆ ಬರೆದಿಡಬೇಕು. ಅಲ್ಲಿಂದ ಮರುದಿನ ಅದೇ ಹೊತ್ತಿನ ಮೂತ್ರದ ತನಕ ಎಲ್ಲವೂ ಕ್ಯಾನಿಗೆ. ಕ್ಯಾನಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತೆ, ಅದರೊಳಗೆ ನೇರ ಮಾಡಬಾರದು, ಮಗ್ಗಿನಲ್ಲಿ ಹಿಡಿದು ನಿಧಾನ ಸುರಿಯಬೇಕು. ಅದೇ ಕ್ಯಾನಿನಿಂದ ಕಾರ್ಟಿಸಾಲ್ ಕೇಳಬೇಡಿ, ಆಸಿಡ್ ಇಲ್ಲದ ಬೇರೆ ಕ್ಯಾನ್ ಬೇಕು. ಕ್ರಿಯಾಟಿನಿನ್ ಜೊತೆಗೆ ಅಳೆಸಿ. ಹೆಂಗಸರಲ್ಲಿ ದಿನಕ್ಕೆ ಕೆ.ಜಿ.ಗೆ ಸುಮಾರು 15–20 ಮಿ.ಗ್ರಾಂ.; ಅರ್ಧ ಬಂದರೆ ಅರ್ಧ ಮೂತ್ರ ಬಚ್ಚಲಿಗೆ ಹೋಗಿದೆ ಅಂತ.

ರೇಡಿಯೋ_ರಾಯ
ಮೆಟನೆಫ್ರಿನ್ ಮಿತಿಗಿಂತ ಸ್ವಲ್ಪ ಮೇಲೆ ಬಂದರೆ ನೇರ ಫಿಯೋ ಹುಡುಕುವ ಡೊಟಾಟೇಟ್ ಪೆಟ್ ಸ್ಕ್ಯಾನಿಗೆ ಕಳಿಸಬೇಡಿ, ದಯವಿಟ್ಟು.

ಎಂಡೋ_ಮೇಡಂ
ಸರಿ ಹೇಳಿದ್ರಿ. ಮೂರು-ನಾಲ್ಕು ಪಟ್ಟು ಏರಿದ್ದರೆ ಅನುಮಾನ ಕಡಿಮೆ. ಒಂದೂವರೆ ಪಟ್ಟು ಅಂದರೆ ಮೊದಲು ಭಂಗಿ, ಮಾತ್ರೆ ಸರಿಪಡಿಸಿ ಮತ್ತೆ ತೆಗೆಯಿರಿ. ಆಗಲೂ ನಾರ್‌ಮೆಟನೆಫ್ರಿನ್ ಏರಿದ್ದರೆ ಕ್ಲೋನಿಡಿನ್ ಟೆಸ್ಟ್: ಮಾತ್ರೆ ಕೊಟ್ಟು 3 ಗಂಟೆಗೆ 40% ಇಳಿಯದೇ ಹೋದರೆ ಫಿಯೋ ಕಡೆಗೆ ವಾಲುತ್ತೆ. ಬಿ.ಪಿ. ಕುಸಿಯಬಹುದು, ಮಲಗಿಸಿಯೇ ಮಾಡಬೇಕು. ಫಿಯೋ ಅಂತ ಗಟ್ಟಿಯಾದರೆ ಮನೆಯಲ್ಲಿ ಯಾರಿಗೂ ಇಲ್ಲದಿದ್ದರೂ ಜೀನ್ ಪರೀಕ್ಷೆಗೆ ಕಳಿಸಿ. ಮೂರರಲ್ಲಿ ಒಂದು ವಂಶವಾಹಿ ದೋಷದ್ದು.

ಧಾರವಾಡ_ಪೇಡಾ
ಅನುಪಾತದ ಗಡಿ ಎಷ್ಟ್ ಹಿಡೀತೀರಿ? ಒಬ್ಬರು 20, ಒಬ್ಬರು 30 ಅಂತಾರ. ರಿಪೋರ್ಟಿನ್ಯಾಗ 7 ಅಂತ ಬಂದ್ರ ನಾರ್ಮಲ್ ಅಂತ ಬಿಟ್ಟ್ ಬಿಡೋರೂ ಅದಾರ.

ಲ್ಯಾಬ್_ಗಿರಿ
7 ನಾರ್ಮಲ್ಲೋ ಅಲ್ವೋ ಅನ್ನೋದು ರೆನಿನ್ ಯಾವ ಅಳತೆ ಅನ್ನೋದರ ಮೇಲೆ. ಪ್ಲಾಸ್ಮಾ ರೆನಿನ್ ಆಕ್ಟಿವಿಟಿ, ನ್ಯಾನೊಗ್ರಾಂ/ಮಿ.ಲೀ./ಗಂಟೆ ಆದರೆ ಗಡಿ 20–30. ಈಗ ಹೆಚ್ಚು ಕಡೆ ಡೈರೆಕ್ಟ್ ರೆನಿನ್, ಮಿಲಿಯೂನಿಟ್/ಲೀ.; ಅಲ್ಲಿ ಅದೇ ಗಡಿ 2.4–3.7 ಆಗುತ್ತೆ. ಆಲ್ಡೊಸ್ಟಿರೋನ್ 22, ಡೈರೆಕ್ಟ್ ರೆನಿನ್ 3 ಅಂದರೆ ಅನುಪಾತ 7.3, ಜೋರಾಗಿ ಪಾಸಿಟಿವ್. ಆಲ್ಡೊಸ್ಟಿರೋನ್ ಪಿಕೊಗ್ರಾಂ/ಮಿ.ಲೀ.ನಲ್ಲಿ ಕೊಟ್ಟಿದ್ದರೆ ಮೊದಲು 10ರಿಂದ ಭಾಗಿಸಿ.

ಬರೀ ಅನುಪಾತವನ್ನೂ ನಂಬಬೇಡಿ. ಆಲ್ಡೊಸ್ಟಿರೋನ್ 5, ರೆನಿನ್ ಆಕ್ಟಿವಿಟಿ 0.1 ಆದರೆ 50 ಬರುತ್ತೆ, ಅದು ಸೊನ್ನೆ ಹತ್ತಿರದ ಅಂಕಿಯಿಂದ ಭಾಗಿಸಿದ ಚಮತ್ಕಾರ ಅಷ್ಟೇ.

ಪಿಜಿ_ಎರಡನೇ_ವರ್ಷ
ಪೊಟ್ಯಾಸಿಯಂ ಕಡಿಮೆ, ರೆನಿನ್ ಅಳತೆಗೇ ಸಿಗದಷ್ಟು ಕಡಿಮೆ, ಆಲ್ಡೊಸ್ಟಿರೋನ್ 20ರ ಮೇಲೆ ಬಂದ್ರೆ ಸಲೈನ್ ಟೆಸ್ಟ್ ಬೇಡ, ಸೀದಾ ಆಪರೇಷನ್. ಸರಿನಾ?

ಎಂಡೋ_ಮೇಡಂ
ಎರಡು ತಪ್ಪು. ಆ ವಿನಾಯಿತಿ ಇರೋದು ತಾನಾಗಿ ಪೊಟ್ಯಾಸಿಯಂ ಇಳಿದವರಿಗೆ. ಇವರು ಥಯಜೈಡ್ ಮೇಲಿದ್ದಾರೆ. ಥಯಜೈಡ್ ಬಿಡಿಸಿದ ಮೇಲೂ ಇಳಿದೇ ಇದ್ದರೆ ಆಗ ಅನ್ವಯ. ಇಲ್ಲದಿದ್ದರೆ 2 ಲೀಟರ್ ನಾರ್ಮಲ್ ಸಲೈನ್ 4 ಗಂಟೆಯಲ್ಲಿ ಹರಿಸಿ ಕೊನೆಗೆ ಆಲ್ಡೊಸ್ಟಿರೋನ್ ಅಳೆಯಬೇಕು. ಮಲಗಿಸಿ ಮಾಡಿದಾಗ 10ರ ಮೇಲಿದ್ದರೆ ಖಚಿತ, 5ರ ಕೆಳಗಿದ್ದರೆ ಇಲ್ಲ. ಬಿ.ಪಿ. ಹತೋಟಿಯಲ್ಲಿಲ್ಲದಿದ್ದರೆ, ಹೃದಯ ದುರ್ಬಲವಿದ್ದರೆ ಸಲೈನ್ ಬೇಡ, ಕ್ಯಾಪ್ಟೊಪ್ರಿಲ್ ಟೆಸ್ಟ್ ನೋಡಿ.

ಎರಡನೇದು, ಸೀದಾ ಆಪರೇಷನ್ ಅಲ್ಲ. ಈ ವಯಸ್ಸಲ್ಲಿ ಏನೂ ಸ್ರವಿಸದ ಗಂಟು ಮಾಮೂಲಿ. ಎಡಕ್ಕೆ ಗಂಟು, ಆಲ್ಡೊಸ್ಟಿರೋನ್ ಬರುತ್ತಿರುವುದು ಬಲದಿಂದ ಅಥವಾ ಎರಡರಿಂದಲೂ ಆಗಿರಬಹುದು. 35 ದಾಟಿದವರಿಗೆ ಅಡ್ರಿನಲ್ ವೇನ್ ಸ್ಯಾಂಪ್ಲಿಂಗ್ (ಎರಡೂ ಗ್ರಂಥಿಯ ಸಿರೆಯಿಂದ ಬೇರೆಬೇರೆ ರಕ್ತ ತೆಗೆದು ಹೋಲಿಸೋದು) ಬೇಕು.

ರೇಡಿಯೋ_ರಾಯ
ಅದೂ ಪಳಗಿದ ಕೈಯಲ್ಲೇ ಆಗಬೇಕು. ಎಡಗಡೆ ಸಿರೆ ಕಿಡ್ನಿ ಸಿರೆಗೆ ಸೇರುತ್ತೆ, ಸಿಗುತ್ತೆ. ಬಲಗಡೆಯದು ಗಿಡ್ಡ, ನೇರ ವೀನಾ ಕೇವಾಗೆ. ಪಕ್ಕದ ಲಿವರ್ ಸಿರೆಗೆ ನುಗ್ಗಿ ಅದೇ ಅಂತ ಅಂದುಕೊಳ್ಳೋದು ಸುಲಭ. ಅಡ್ರಿನಲ್ ಸಿರೆಯ ಕಾರ್ಟಿಸಾಲ್ ಕಾಲಿನ ರಕ್ತದಕ್ಕಿಂತ ಎ.ಸಿ.ಟಿ.ಎಚ್. ಕೊಡದಿದ್ದರೆ 2 ಪಟ್ಟು, ಕೊಟ್ಟಿದ್ದರೆ 5 ಪಟ್ಟು ಇರಬೇಕು. ಇಲ್ಲದಿದ್ದರೆ ಕ್ಯಾಥಿಟರ್ ಬೇರೆಲ್ಲೋ ಇತ್ತು. ಸರಿಯಿದ್ದರೆ ಆಲ್ಡೊಸ್ಟಿರೋನ್/ಕಾರ್ಟಿಸಾಲ್ ಎರಡು ಕಡೆ ಹೋಲಿಸಿ, ಎ.ಸಿ.ಟಿ.ಎಚ್. ಕೊಟ್ಟಾಗ 4 ಪಟ್ಟು ದಾಟಿದರೆ ಒಂದೇ ಕಡೆಯದು.

ಎಂಡೋ_ಮೇಡಂ
ಡೆಕ್ಸಾ ಟೆಸ್ಟ್ ಬಿಡಬೇಡಿ ಅಂತ ಹಟ ಹಿಡಿದಿದ್ದು ಇದಕ್ಕೇ. ಎಡ ಗಂಟು ಕಾರ್ಟಿಸಾಲನ್ನೂ ಸುರಿಸುತ್ತಿದ್ದರೆ ಆ ಕಡೆಯ ಭಾಜಕ ಉಬ್ಬಿ ಅನುಪಾತ ಕುಗ್ಗುತ್ತೆ, ಅಪರಾಧಿಯೇ ನಿರಪರಾಧಿ ಆಗಿ ಕಾಣುತ್ತೆ. ಆಗ ಕಾರ್ಟಿಸಾಲ್ ಬದಲು ಮೆಟನೆಫ್ರಿನ್‌ನಿಂದ ಭಾಗಿಸಬಹುದು. ಅಂಥ ಗಂಟು ತೆಗೆದ ದಿನ ಹೈಡ್ರೊಕಾರ್ಟಿಸೋನ್ ಕೊಡದಿದ್ದರೆ ನಿದ್ದೆ ಹೋಗಿರುವ ಇನ್ನೊಂದು ಗ್ರಂಥಿ ಏಳಲ್ಲ, ರೋಗಿ ವಾರ್ಡಲ್ಲಿ ಕುಸೀತಾರೆ.

ಅರಿವಳಿಕೆ_ಆಚಾರಿ
ಫಿಯೋ ಬಂದರೆ ದಿನಾಂಕ ಕೊಡುವ ಮುಂಚೆ ನಮಗೆ 7ರಿಂದ 14 ದಿನ ಆಲ್ಫಾ ಬ್ಲಾಕರ್ ಬೇಕು. ಪ್ರಜೋಸಿನ್ ಮೊದಲ ಡೋಸ್ ಮಲಗುವ ಹೊತ್ತಿಗೆ, ಸಣ್ಣದು. ಇಲ್ಲದಿದ್ದರೆ ಬಚ್ಚಲಿಗೆ ಎದ್ದು ಬೀಳ್ತಾರೆ. ಉಪ್ಪು, ನೀರು ಚೆನ್ನಾಗಿ. ಬೀಟಾ ಆಮೇಲೆ, ಎದೆಬಡಿತ ಇದ್ದರೆ.

ಮಲೆನಾಡು_ಎಂಡಿ
ಎಲ್ಲರಿಗೂ ಥ್ಯಾಂಕ್ಸ್. ಪೊಟ್ಯಾಸಿಯಂ ಏರಿಸಿ, ಮಾತ್ರೆ ಚೀಲ ನೋಡಿ, ಗುರುವಾರ-ಶುಕ್ರವಾರ ಎರಡು ದಿನ ಉಳಿಸಿಕೊಳ್ತೀನಿ.

ಲ್ಯಾಬ್_ಗಿರಿ
ಸೋಮ-ಮಂಗಳ ಮಾಡಿ ಸರ್. ಶುಕ್ರವಾರ ಸಂಜೆ ಹೊರಟ ಡಬ್ಬಿ ಭಾನುವಾರ ಎಲ್ಲೋ ಗೋಡೌನಲ್ಲಿ ಕೂತು ಡ್ರೈ ಐಸ್ ಆವಿಯಾಗುತ್ತೆ. ಟ್ಯೂಬ್ ಮೇಲೆ "ಮಲಗಿ" "ಕೂತು" ಅಂತ, ಗಂಟೆ ಸಮೇತ ಬರೆಸಿ.